ಕೊಡಗಿನಿಂದ ಲಡಾಖ್‌ಗೆ: ಎತ್ತರಕ್ಕೆ ಒಗ್ಗಿಕೊಳ್ಳುವ ಕ್ರಮ

ತಡಿಯಂಡಮೋಳ್ ಹತ್ತಿ ಇಳಿದವರಿಗೆ ಲೇಹ್ ಏನು ಮಹಾ ಅನ್ನಿಸಬಹುದು. ಆದರೆ ಕೊಡಗಿನ ಆ ಅತಿ ಎತ್ತರದ ಬೆಟ್ಟ 1,748 ಮೀಟರ್; ಲೇಹ್ ಪೇಟೆಯೇ ಸುಮಾರು 3,500 ಮೀಟರ್‌ನಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ. ಕಾಲಿನ ಕಸುವು ಈ ಕೊರತೆಯನ್ನು ತುಂಬುವುದಿಲ್ಲ. ನಮಗೇನೂ ಆಗಿಲ್ಲ ಎಂದು ಮೊದಲ ದಿನವೇ ಓಡಾಡುವ ಗಟ್ಟಿಮುಟ್ಟಾದ ಹುಡುಗರು ಸಂಜೆಗೆ ಮಲಗಿಬಿಡುತ್ತಾರೆ.

ಕೈಲ್ ಪೊಳ್ದ್ ಹಬ್ಬ ಮುಗಿಸಿ ಸೆಪ್ಟೆಂಬರ್ ಎರಡನೇ ವಾರ ಹೊರಡುವುದು ಒಳ್ಳೆಯದು. ಲಡಾಖ್ ಮಳೆನೆರಳಿನ ನಾಡಾದರೂ ಜುಲೈ, ಆಗಸ್ಟ್‌ನಲ್ಲಿ ಮನಾಲಿ ಕಡೆಯ ರಸ್ತೆ ಕುಸಿಯುವುದುಂಟು.

ರಸ್ತೆಯಲ್ಲಿ ಹೋಗುವುದಾದರೆ ಶ್ರೀನಗರದ ದಾರಿ ಹಿಡಿಯಿರಿ. ಜೋಜಿ ಲಾ ಎಂಬ ಕಣಿವೆದಾರಿ ದಾಟಿ 2,676 ಮೀಟರ್‌ನ ಕಾರ್ಗಿಲ್‌ನಲ್ಲಿ ರಾತ್ರಿ ಉಳಿದರೆ ದೇಹ ನಿಧಾನವಾಗಿ ಒಗ್ಗುತ್ತದೆ. ಮನಾಲಿಯಿಂದ ಹೊರಟ ಹಲವರು ಮೊದಲ ರಾತ್ರಿಯೇ ಸರ್ಚುವಿನಲ್ಲಿ, ಸುಮಾರು 4,300 ಮೀಟರ್‌ನಲ್ಲಿ ಮಲಗುತ್ತಾರೆ. ತಲೆನೋವು, ವಾಂತಿ ಶುರುವಾಗುವುದು ಅಲ್ಲೇ. ಕಣ್ಣೂರು ಅಥವಾ ಬೆಂಗಳೂರಿನಿಂದ ದೆಹಲಿಗೆ ಹೋಗಿ ಲೇಹ್‌ಗೆ ವಿಮಾನದಲ್ಲಿ ಇಳಿದರೆ ಎರಡು ಪೂರ್ತಿ ದಿನ ವಿಶ್ರಾಂತಿ. ಮಹಡಿ ಮೆಟ್ಟಿಲನ್ನೂ ನಿಧಾನವಾಗಿ ಹತ್ತಿ. ಆ ದಿನಗಳಲ್ಲಿ ಮದ್ಯವಾಗಲಿ ನಿದ್ರೆ ಮಾತ್ರೆಯಾಗಲಿ ಖಂಡಿತ ಬೇಡ, ಎರಡೂ ರಾತ್ರಿಯ ಉಸಿರಾಟವನ್ನು ತಗ್ಗಿಸುತ್ತವೆ.

ಆಮೇಲೆ ಮೊದಲು ನುಬ್ರಾ ಕಣಿವೆ, ನಂತರ ಪಾಂಗಾಂಗ್ ಸರೋವರ. 5,359 ಮೀಟರ್‌ನ ಖಾರ್ದುಂಗ್ ಲಾ ಮೇಲೆ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಅದನ್ನು ದಾಟಿದ ಮೇಲೆ ಸಿಗುವ ನುಬ್ರಾದ ಹುಂಡರ್ ಹಳ್ಳಿ ಲೇಹ್‌ಗಿಂತ ತಗ್ಗಿನಲ್ಲಿದೆ, ಮಲಗಲು ತೊಂದರೆಯಿಲ್ಲ. ಲೆಕ್ಕ ಮಲಗುವ ಎತ್ತರದ್ದು, ದಾಟುವ ಎತ್ತರದ್ದಲ್ಲ. ಪಾಂಗಾಂಗ್ ದಡ 4,250 ಮೀಟರ್; ಲೇಹ್, ನುಬ್ರಾ ಸೇರಿ ಐದು ರಾತ್ರಿ ಕಳೆದ ಮೇಲೆ ಅಲ್ಲಿ ಉಳಿಯಿರಿ. ಮೂರನೇ ದಿನಕ್ಕೇ ಪಾಂಗಾಂಗ್ ವಾಸ ಇಟ್ಟಿರುವ ಪ್ಯಾಕೇಜನ್ನು ಒಪ್ಪಬೇಡಿ.

ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆಯನ್ನು ಸಾಮಾನ್ಯವಾಗಿ ಮೇಲೇರುವ ಹಿಂದಿನ ದಿನದಿಂದ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ಬೆರಳು ಜುಮುಗುಟ್ಟುತ್ತದೆ, ಮೂತ್ರ ಹೆಚ್ಚುತ್ತದೆ. ಸಲ್ಫಾ ಅಲರ್ಜಿ, ಬಿಪಿ, ಹೃದಯದ ತೊಂದರೆ ಇದ್ದರೆ ಊರಿನ ಡಾಕ್ಟರಿಗೆ ಹೇಳಿಯೇ ಹೊರಡಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ ಅಲ್ಲೇ ಉಳಿಯಿರಿ, ಮೇಲಕ್ಕೆ ಹೋಗಬೇಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನೊರೆ ಕೆಮ್ಮು ಬಂದರೆ ರಾತ್ರಿಯಾದರೂ ಕೆಳಗಿಳಿಸಿ. ಆಮ್ಲಜನಕದ ಸಿಲಿಂಡರ್ ದಾರಿಯ ಮಟ್ಟಿಗೆ ಆಸರೆ, ಇಳಿಯುವುದೇ ಮದ್ದು. ಲೇಹ್‌ನಲ್ಲಿ ಎಸ್‌ಎನ್‌ಎಂ ಆಸ್ಪತ್ರೆಯಿದೆ.

ಗೊಂಪಾಗಳಲ್ಲಿ, ಅಂದರೆ ಬೌದ್ಧ ಮಠಗಳಲ್ಲಿ, ನಡೆದುಕೊಳ್ಳುವ ರೀತಿಯನ್ನು ಕುಶಾಲನಗರದ ಪಕ್ಕದ ಬೈಲಕುಪ್ಪೆಯಲ್ಲೇ ನೋಡಿ ಕಲಿಯಬಹುದು. ಪ್ರದಕ್ಷಿಣೆ ನಮ್ಮ ಗುಡಿಗಳಂತೆಯೇ; ಮಣಿ ಗೋಡೆ (ಮಂತ್ರ ಕೆತ್ತಿದ ಕಲ್ಲುಗಳ ಗೋಡೆ), ಸ್ತೂಪ ಬಲಗೈ ಬದಿಗಿರಬೇಕು. ಆಲ್ಚಿಯ ಗುಡಿಗಳೊಳಗೆ ಫೋಟೋ ತೆಗೆಯುವಂತಿಲ್ಲ. ಥಿಕ್ಸೆಯ ಬೆಳಗಿನ ಪ್ರಾರ್ಥನೆಗೆ ಹೋದರೆ ಭಿಕ್ಷುಗಳ ಸಾಲು ಬಿಟ್ಟು ಗೋಡೆ ಬದಿಯಲ್ಲಿ ಕೂರಿ.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಹೊರಡುವ ವಾರ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಲೇಹ್ ಬಿಟ್ಟ ಮೇಲೆ ಬೇಕಾಗುವ ನಗದನ್ನು ಲೇಹ್‌ನಲ್ಲೇ ತೆಗೆದಿಡಿ.