ಕೊನೆ ಬಸ್ಸಿನ ಲೆಕ್ಕ

ಹಳ್ಳಿಯಲ್ಲಿ ನಾವು ತೆರೆದ ಮಕ್ಕಳ ನಾಟಕ, ಕುಣಿತದ ಕೇಂದ್ರಕ್ಕೆ ಮೊದಲ ದಿನ 27 ಮಕ್ಕಳು ಬಂದಿದ್ದರು. ಮೂರನೇ ವಾರಕ್ಕೆ ಉಳಿದವರು 9. ಅದರಲ್ಲಿ ಹುಡುಗಿಯರು ಒಬ್ಬರೂ ಇಲ್ಲ.

ನಾನು ಏನೇನೋ ಯೋಚಿಸಿದೆ. ನನ್ನ ಪಾಠ ಬೇಸರ ತರಿಸಿತೇನೋ, ಮನೆಯವರಿಗೆ ನಾಟಕ, ಕುಣಿತ ಅಂದರೆ ಆಗುವುದಿಲ್ಲವೇನೋ, ಹೀಗೆ. ಕೊನೆಗೆ ಬರುವುದು ಬಿಟ್ಟ ಒಬ್ಬ ಹುಡುಗಿಯ ಅಮ್ಮನನ್ನೇ ಕೇಳಿದೆ. 'ನೀವು ಬಿಡೋದು ಎಂಟಕ್ಕೆ. ಕೊನೆ ಬಸ್ಸು ಏಳೂ ಹತ್ತಕ್ಕೆ. ಮಗು ಕತ್ತಲಲ್ಲಿ ಮೂರು ಕಿಲೋಮೀಟರ್ ನಡ್ಕೊಂಡು ಬರಬೇಕಾ ಸಾರ್?' ಅಂದರು. ಇಷ್ಟೇ ವಿಷಯ. ವೇದಿಕೆ, ದೀಪ, ಪರದೆ ಅಂತ ತಿಂಗಳುಗಟ್ಟಲೆ ನಕ್ಷೆ ಬರೆದವನು ನಾನು. ಬಸ್ಸಿನ ಸಮಯ ಮಾತ್ರ ಕೇಳಿರಲಿಲ್ಲ.

ಮರುದಿನದಿಂದ ತರಗತಿ ಸಂಜೆ ನಾಲ್ಕೂವರೆಯಿಂದ ಆರೂಕಾಲು ಅಂತ ಆಯಿತು. ಒಂದು ನೋಟ್ ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಮನೆಗೆ ಹೇಗೆ ಹೋಗುತ್ತದೆ, ಯಾರ ಜೊತೆ ಹೋಗುತ್ತದೆ ಅಂತ ಬರೆದಿಟ್ಟೆವು. ಎರಡು ತಿಂಗಳಲ್ಲಿ ಮಕ್ಕಳ ಸಂಖ್ಯೆ 31ಕ್ಕೆ ಏರಿತು. ಅದರಲ್ಲಿ 14 ಹುಡುಗಿಯರು. ಪಾಠದಲ್ಲಿ ನಾನು ಏನೂ ಬದಲಾಯಿಸಿರಲಿಲ್ಲ. ಈಗ ಯಾರಾದರೂ ಹಳ್ಳಿಯಲ್ಲಿ ಇಂಥ ಕೇಂದ್ರ ಮಾಡಬೇಕು ಅಂತ ಬಂದರೆ ನಾನು ಮೊದಲು ಕೇಳುವುದು ಇದನ್ನೇ: ಮಕ್ಕಳು ವಾಪಸ್ ಹೋಗೋದು ಹೇಗೆ? ಇದಕ್ಕೆ ಉತ್ತರ ಇಲ್ಲದೆ ಇಟ್ಟಿಗೆ ತರಿಸಬೇಡಿ.

ಇಟ್ಟಿಗೆ ಅಂದೆ. ನಾವು ಕಟ್ಟಡ ಕಟ್ಟಲೇ ಇಲ್ಲ. ಖಾಲಿ ಬಿದ್ದಿದ್ದ ಒಂದು ಗೋದಾಮು ತೆಗೆದುಕೊಂಡೆವು. ಅದೂ ಎರಡನೆಯದು. ಮೊದಲನೆಯದರ ಕತೆ ಹೇಳಲು ಈಗಲೂ ನಾಚಿಕೆ ಆಗುತ್ತದೆ. ಮಾಲೀಕರು 'ಮಕ್ಕಳಿಗೆ ತಾನೆ, ಬಳಸಿಕೊಳ್ಳಿ' ಅಂದರು. ನಾವು ಸೋರುತ್ತಿದ್ದ ಚಾವಣಿ ಸರಿ ಮಾಡಿದೆವು, ಗೋಡೆಗೆ ಗಾರೆ ಹಾಕಿಸಿದೆವು, ವೈರಿಂಗ್ ಮಾಡಿಸಿದೆವು. ನಾಲ್ಕು ತಿಂಗಳಿಗೆ ಜಾಗ ಚೆನ್ನಾಗಿ ಆಯಿತು. ಐದನೇ ತಿಂಗಳು ಬಾಡಿಗೆಗೆ ಬೇರೆಯವರು ಸಿಕ್ಕರು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಪರದೆ ಕಂಬಿ ಹೊತ್ತುಕೊಂಡು ಹೊರಗೆ ಬಂದೆವು.

ಎರಡನೇ ಸಲ ಹತ್ತು ವರ್ಷದ ಕರಾರು ಪತ್ರ ಮಾಡಿಸಿದೆವು. ಬಿಡಿಸಬೇಕಾದರೆ ಆರು ತಿಂಗಳು ಮುಂಚೆ ಹೇಳಬೇಕು, ನಾವು ಕೂಡಿಸಿದ್ದನ್ನು ನಾವೇ ಬಿಚ್ಚಿಕೊಂಡು ಹೋಗಬಹುದು, ಈ ಎರಡು ಮಾತು ಅದರಲ್ಲಿ ಇವೆ. ಆ ಭಯ ಎಷ್ಟಿತ್ತೆಂದರೆ ನೆಲವನ್ನೂ ಬಿಚ್ಚುವ ಹಾಗೇ ಮಾಡಿದೆವು.

ನೆಲದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಮೊದಲು ಸಿಮೆಂಟ್ ನೆಲದ ಮೇಲೇ ಕುಣಿಸಿದೆ. ಎರಡೇ ವಾರಕ್ಕೆ ಮೂವರು ಮಕ್ಕಳಿಗೆ ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆ ಉದ್ದಕ್ಕೂ ನೋವು. ಸಿಮೆಂಟ್ ಬಗ್ಗುವುದಿಲ್ಲ, ನೆಗೆದು ಇಳಿದ ಪೆಟ್ಟು ಅಷ್ಟೂ ಕಾಲಿಗೇ ವಾಪಸ್ ಬರುತ್ತದೆ. ಮೇಲೆ ಜಮಖಾನೆ ಹಾಸಿದರೂ ಪ್ರಯೋಜನ ಇಲ್ಲ. ಬಡಗಿಯನ್ನು ಕರೆಸಿ 18 ಮಿಲಿಮೀಟರ್ ಪ್ಲೈವುಡ್ಡಿನ, 4 ಅಡಿಗೆ 8 ಅಡಿಯ ಹಲಗೆ 12 ಮಾಡಿಸಿದೆ. ಅಡಿಯಲ್ಲಿ ಒಂದೊಂದು ಅಡಿಗೆ ಮರದ ಪಟ್ಟಿ, ಪಟ್ಟಿಯ ಕೆಳಗೆ ದಪ್ಪ ರಬ್ಬರ್ ತುಂಡು. ಒಂದಕ್ಕೊಂದು ಬೋಲ್ಟ್ ಹಾಕಿದರೆ 24ಕ್ಕೆ 16 ಅಡಿಯ ರಂಗ ಆಗುತ್ತದೆ. ಕಾಲಿಟ್ಟರೆ ಚೂರು ಬಗ್ಗಿ ಮೇಲೇಳುತ್ತದೆ. ರಂಗವನ್ನು ಇದಕ್ಕಿಂತ ಎತ್ತರಿಸಲಿಲ್ಲ. ಅದರ ಬದಲು ಜನರನ್ನು ಎತ್ತರಿಸಿದೆವು. ಮುಂದಿನವರು ಚಾಪೆ ಮೇಲೆ, ಹಿಂದಿನವರು ಬೆಂಚಿನ ಮೇಲೆ, ಕೊನೆಯವರು ಎತ್ತರದ ಸ್ಟೂಲ್ ಮೇಲೆ. ಎಲ್ಲರಿಗೂ ಕಾಣುತ್ತದೆ, ಖರ್ಚೂ ಇಲ್ಲ.

ಆಮೇಲೆ ಸದ್ದು. ಬೋಳು ಗೋಡೆ, ತಗಡಿನ ಚಾವಣಿ. ಒಂದು ಚಪ್ಪಾಳೆ ತಟ್ಟಿದರೆ ಅದು ಕೋಣೆಯಲ್ಲಿ ಸುತ್ತುತ್ತಲೇ ಇರುತ್ತಿತ್ತು. ಒಬ್ಬ ಹುಡುಗ ಎರಡನೇ ಮಾತು ಆಡುವಾಗ ಮೊದಲನೆಯದು ಇನ್ನೂ ಕೇಳಿಸುತ್ತಿತ್ತು. ನಾನು ದೊಡ್ಡ ಮೈಕು ತರಿಸಿದೆ. ದಡ್ಡತನ. ಮೈಕು ಮಾತನ್ನೂ ದೊಡ್ಡದು ಮಾಡಿತು, ಗದ್ದಲವನ್ನೂ ದೊಡ್ಡದು ಮಾಡಿತು.

ದಾರಿ ತೋರಿಸಿದ್ದು ನೂರು ವರ್ಷಕ್ಕೂ ಹಳೆಯ ಒಂದು ಕೆಲಸ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಇದೇ ತೊಂದರೆ ಆಗಿತ್ತು. ವ್ಯಾಲೇಸ್ ಸಬಿನ್ ಅನ್ನುವ ಯುವ ಅಧ್ಯಾಪಕರಿಗೆ ಅದನ್ನು ಸರಿಮಾಡಲು ಹೇಳಿದರು. ಅವರು ಹತ್ತಿರದ ರಂಗಮಂದಿರದಿಂದ ಕುರ್ಚಿ ದಿಂಬು ಹೊತ್ತು ತಂದು, ರಾತ್ರಿ ಹೊತ್ತು ಒಂದೊಂದೇ ಸಾಲು ಇಟ್ಟು, ಸದ್ದು ಸಾಯಲು ಎಷ್ಟು ಸೆಕೆಂಡು ಬೇಕು ಅಂತ ಅಳೆದರು. ಅದರಿಂದ ಬಂದ ಲೆಕ್ಕವನ್ನು ಇವತ್ತಿಗೂ ಬಳಸುತ್ತಾರೆ. ಕೋಣೆ ಎಷ್ಟು ಘನ ಮೀಟರ್ ಇದೆಯೋ ಅದನ್ನು 0.161ರಿಂದ ಗುಣಿಸಿ, ಕೋಣೆ ಸದ್ದು ಹೀರುವ ಅಳತೆಯಿಂದ ಭಾಗಿಸಿದರೆ, ಸದ್ದು ಸಾಯಲು ಎಷ್ಟು ಸೆಕೆಂಡು ಬೇಕು ಅಂತ ಸಿಗುತ್ತದೆ. ನಮ್ಮದು ಸುಮಾರು 400 ಘನ ಮೀಟರ್. ಮಾತು ಸ್ಪಷ್ಟ ಕೇಳಲು ಸದ್ದು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಸಾಯಬೇಕು. ಅಂದರೆ ಪೂರ್ತಿ ಸದ್ದು ಹೀರುವ ವಸ್ತು 64 ಚದರ ಮೀಟರ್‌ನಷ್ಟು ಬೇಕು.

ಹಳೇ ಕಂಬಳಿ, ದಪ್ಪ ಪರದೆ ಸೇರಿಸಿ 60 ಚದರ ಮೀಟರ್ ನೇತುಹಾಕಿದೆವು. ಗೋಡೆಗೆ ಅಂಟಿಸಬಾರದು, ಒಂದು ಗೇಣು ಬಿಟ್ಟು ನೆರಿಗೆ ನೆರಿಗೆಯಾಗಿ ಇಳಿಬಿಡಬೇಕು. ಬಟ್ಟೆ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ಸುಮಾರು ಅರ್ಧವನ್ನಷ್ಟೇ ಹೀರುತ್ತದೆ, ಹಾಗಾಗಿ ಇದು ಬೇಕಾದದ್ದರಲ್ಲಿ ಹೆಚ್ಚುಕಮ್ಮಿ ಅರ್ಧ. ಉಳಿದದ್ದರಲ್ಲಿ ಬಹುಪಾಲು ಜನರೇ ಹೀರುತ್ತಾರೆ, ಮೈಯೂ ಬಟ್ಟೆಯೂ ಸದ್ದು ತಿನ್ನುತ್ತವೆ. ತಾಲೀಮಿನಲ್ಲಿ ಮೊಳಗುವ ಕೋಣೆ 70 ಜನ ಕೂತ ದಿನ ತಣ್ಣಗಾಗುವುದು ಇದಕ್ಕೇ. ಮೈಕು ಈಗ ಪೆಟ್ಟಿಗೆಯಲ್ಲಿದೆ. ಇನ್ನೊಂದು, ಕಂಬಳಿ ಯಾವತ್ತೂ ದೀಪದ ಹತ್ತಿರ ಬೇಡ.

ದೀಪದ ವಿಷಯ ಬೇಗ ಮುಗಿಸುತ್ತೇನೆ. ಹಳೇ ಕಾಲದ 1000 ವಾಟ್ ದೀಪ ಎಂಟು ಪುಕ್ಕಟೆ ಸಿಕ್ಕವು. ಎಂಟೂ ಉರಿದರೆ 230 ವೋಲ್ಟಿಗೆ ಹತ್ತಿರ 35 ಆಂಪಿಯರ್, ಹಳ್ಳಿಯ ಸಿಂಗಲ್ ಫೇಸ್ ಲೈನಿಗೆ ಅದು ಹೊರೆ. ಈಗ 150 ವಾಟಿನ ಎಲ್‌ಇಡಿ ಎಂಟಿವೆ, ಎಲ್ಲ ಸೇರಿ ಐದು ಆಂಪಿಯರ್ ಚಿಲ್ಲರೆ. ಪುಕ್ಕಟೆ ಸಾಮಾನು ಬಂದಾಗ ಕರೆಂಟ್ ಬಿಲ್ಲು ನೆನೆಸಿಕೊಳ್ಳಿ.

ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಅದನ್ನು ತಿರುಗಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿಸಿದೆ, ಎದುರು ಗೋಡೆಯಲ್ಲಿ ಇನ್ನೊಂದು ಬಾಗಿಲು ಒಡೆಸಿದೆ. ಇದು ಅತಿ ಆಯಿತು ಅಂದವರು ಇದ್ದರು. 1903ರ ಡಿಸೆಂಬರ್‌ನಲ್ಲಿ ಶಿಕಾಗೋದ ಇರೋಕ್ವಾ ರಂಗಮಂದಿರಕ್ಕೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ತುಂಬಾ ಮಂದಿ ಮಕ್ಕಳು, ಹೆಂಗಸರು. ಬೀಗ ಹಾಕಿದ ಬಾಗಿಲು, ಒಳಕ್ಕೆ ತೆರೆಯುವ ಬಾಗಿಲು, ಅದರ ಮುಂದೆ ಜನರ ರಾಶಿ. ನಮ್ಮಲ್ಲಿ ಆಟ ನಡೆಯುವಷ್ಟು ಹೊತ್ತು ಎರಡು ಬಾಗಿಲಿಗೂ ಬೀಗ ಇಲ್ಲ, ಒಬ್ಬೊಬ್ಬರು ನಿಂತಿರುತ್ತಾರೆ. ಹಾಗೇ, ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಂಟಿಯಾಗಿ ಕೋಣೆಯಲ್ಲಿ ಇರುವಂತಿಲ್ಲ. ಈ ನಿಯಮ ನನಗೂ ಸೇರಿದ್ದು.

ಏನು ಆಡಿಸಬೇಕು ಅನ್ನುವುದರಲ್ಲೂ ನಾನು ಸೋತೆ. ಒಬ್ಬ ರಾಜನ ಕತೆ ಬರೆದು ತಂದಿದ್ದೆ. ಮಕ್ಕಳು ಮರ್ಯಾದೆಗೆ ಕೇಳಿಸಿಕೊಂಡರು. ಬಿಡುವಿನಲ್ಲಿ ನೋಡಿದರೆ, ಸ್ಟೂಲುಗಳನ್ನು ಸಾಲಾಗಿ ಇಟ್ಟುಕೊಂಡು ಕೊನೆ ಬಸ್ಸಿನ ಆಟ ಆಡುತ್ತಿದ್ದಾರೆ! ಚಿಲ್ಲರೆಗೆ ಜಗಳ, ಕಿಟಕಿಗೆ ಜಗಳ, ಕೋಳಿಗೆ ಟಿಕೆಟ್ ಬೇಕಾ ಬೇಡವಾ ಅಂತ ಜಗಳ. ರಾಜನನ್ನು ಮಡಚಿಟ್ಟೆ. ಅದೇ 25 ನಿಮಿಷದ ನಾಟಕವಾಯಿತು. ಮೊದಲ ಪ್ರದರ್ಶನ ಹಳೇ ದೀಪಗಳ ಕಾಲದ್ದು. ಬಸ್ಸು ಕೆಟ್ಟು ನಿಲ್ಲುವ ದೃಶ್ಯಕ್ಕೆ ಸರಿಯಾಗಿ ಟ್ರಿಪ್ ಆಗಿ ಪೂರ್ತಿ ಕತ್ತಲು. ಜನ ನಾಟಕ ಮುಗಿಯಿತು ಅಂದುಕೊಂಡು ಚಪ್ಪಾಳೆ ತಟ್ಟಿ ಎದ್ದು ಹೋದರು. ಉಳಿದ ಎರಡು ದೃಶ್ಯವನ್ನು ಮುಂದಿನ ವಾರ ತೋರಿಸಿದಾಗ ಬಂದವರು 11 ಜನ. ಮಕ್ಕಳು ಅದನ್ನು ನೆನೆದು ಈಗಲೂ ನಗುತ್ತಾರೆ, ನನಗೆ ಅಷ್ಟು ನಗು ಬರುವುದಿಲ್ಲ.

ದುಡ್ಡಿನ ಬಗ್ಗೆ ಒಂದೇ ಮಾತು. ಫ್ಯಾನು, ಕುರ್ಚಿ, ವಾದ್ಯ ಕೊಡಿಸಲು ಜನ ಮುಂದೆ ಬರುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದು ಅಲ್ವಾ. ಕರೆಂಟ್ ಬಿಲ್ಲಿನ ಮೇಲೆ ಯಾರೂ ಹೆಸರು ಬರೆಸುವುದಿಲ್ಲ, ಡೋಲಿನ ಚರ್ಮ ಬದಲಿಸಿದ್ದಕ್ಕೂ ಇಲ್ಲ. ಹಾಗಾಗಿ ಯಾರೇ ವಸ್ತು ಕೊಟ್ಟರೂ ಅದರ ಒಂದು ವರ್ಷದ ರಿಪೇರಿ ಖರ್ಚನ್ನೂ ಕೇಳುತ್ತೇನೆ. ಮುಖ ಸಿಂಡರಿಸುವವರು ಇದ್ದಾರೆ. ಕೊಡುವವರೂ ಇದ್ದಾರೆ.

ಹೆಗ್ಗೋಡಿನ ನೀನಾಸಂ ನಾಟಕ ಸಂಘದ ಥರ ಮಾಡಿ ಅಂತ ತುಂಬಾ ಜನ ಸಲಹೆ ಕೊಟ್ಟರು. ಆ ಸಂಘ ಹುಟ್ಟಿದ್ದು 1949ರಲ್ಲಿ, ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ನಡುವೆ 31 ವರ್ಷ ಇದೆ. ನಾವು ಮೂರನೇ ತಿಂಗಳಿಗೇ ಸರ್ಟಿಫಿಕೇಟಿನ ಬಣ್ಣ ಯಾವುದಿರಲಿ ಅಂತ ಚರ್ಚೆಗೆ ಕೂತಿದ್ದೆವು.

ತಗಡಿನ ಚಾವಣಿ ಮಾತ್ರ ಇನ್ನೂ ಹಾಗೇ ಇದೆ. ಜೋರು ಮಳೆ ಬಂದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಒಳಗೆ ಇನ್ನೊಂದು ಚಾವಣಿ ಕಟ್ಟಿಸಲು ದುಡ್ಡಿಲ್ಲ. ಈಗ ಬೀಗದ ಕೈ, ಕಾರ್ಯಕ್ರಮದ ಪಟ್ಟಿ ಎರಡೂ ದೊಡ್ಡ ಮಕ್ಕಳ ಕೈಯಲ್ಲಿವೆ. ಮಳೆಗಾಲದ ಮೂರು ತಿಂಗಳಿಗೆ ಅವರು ಮಾತಿನ ನಾಟಕ ತೆಗೆದುಹಾಕಿ ಡೋಲು, ಮೂಕಾಭಿನಯ ಹಾಕಿದ್ದಾರೆ. ನನ್ನನ್ನು ಕೇಳಲಿಲ್ಲ. ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ನೋಡಿದೆ.