ಹಾಯಿದೋಣಿಗೆ ಚಾರ್ಟ್‌ಪ್ಲಾಟರ್ ಆರಿಸಿದ ಬಗೆ

ಅಮೆರಿಕದ ಚೆಸಪೀಕ್ ಕೊಲ್ಲಿಗೆ ಉದ್ದವಿದೆ, ಅಗಲವಿದೆ, ಆಳವಿಲ್ಲ. ಉತ್ತರ ದಕ್ಷಿಣವಾಗಿ ಸುಮಾರು 320 ಕಿಲೋಮೀಟರ್ ಚಾಚಿರುವ ಈ ನೀರಿನ ಸರಾಸರಿ ಆಳ 21 ಅಡಿ ಅಷ್ಟೇ. ಅನಾಪೊಲಿಸ್ ಊರಿನ ದಕ್ಷಿಣಕ್ಕೆ ಒಂದು ತೊರೆಯಲ್ಲಿ ಕಟ್ಟಿರುವ ನನ್ನ 27 ಅಡಿಯ ಹಳೆಯ ಹಾಯಿದೋಣಿ ತೇಲಲು ನಾಲ್ಕು ಅಡಿ ನೀರು ಬೇಕು. ಹಾಗಾಗಿ ಇಲ್ಲಿ ದೋಣಿ ನಡೆಸುವವರಿಗೆ ತಾವು ಎಲ್ಲಿದ್ದೇವೆ ಎಂಬುದಕ್ಕಿಂತ ಕೆಳಗೆ ಎಷ್ಟು ನೀರಿದೆ ಎಂಬ ಚಿಂತೆಯೇ ಹೆಚ್ಚು. ನೀರಿನ ಆಳದ ನಕ್ಷೆಯ ಮೇಲೆ ದೋಣಿ ಇರುವ ಜಾಗ ತೋರಿಸುವ ಚಾರ್ಟ್‌ಪ್ಲಾಟರ್ ಯಂತ್ರವನ್ನು ನಾನು ಹುಡುಕಿದ್ದೂ ಆ ಚಿಂತೆಯಿಂದಲೇ.

ಗಂಗೊಳ್ಳಿಯಲ್ಲಿ ಮೀನುಗಾರಿಕೆ ದೋಣಿ ಇಟ್ಟುಕೊಂಡಿರುವ ಸೋದರಮಾವನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವರ ಜಿಪಿಎಸ್‌ನಲ್ಲಿ ನಕ್ಷೆಯೇ ಇಲ್ಲ. ಮೀನು ಸಿಗುವ ಜಾಗಗಳ ಅಕ್ಷಾಂಶ ರೇಖಾಂಶಗಳಿವೆ, ಅವನ್ನು ಅವರು ಮಗನಿಗೂ ಸುಲಭಕ್ಕೆ ಬಿಟ್ಟುಕೊಡುವವರಲ್ಲ. "ನೀರು ಎಷ್ಟು ಮಾರು ಎಂದು ತೋರಿಸಿದರೆ ಸಾಕಲ್ಲ ಮಾರಾಯ, ಬಣ್ಣದ ಚಿತ್ರ ಎಂತಕ್ಕೆ?" ಎಂದು ಕೇಳಿದರು. ಅಳಿವೆಯ ಮರಳು ದಿಬ್ಬ ಮಳೆಗಾಲ ಕಳೆಯುವಷ್ಟರಲ್ಲಿ ಜಾಗ ಬದಲಿಸುವುದನ್ನು ಜೀವನವಿಡೀ ನೋಡಿದವರ ಮಾತು ಅದು. ಆದರೆ ಅವರ ಅಳಿವೆ ಅವರಿಗೆ ಕಂಠಪಾಠ. ನನಗೆ ಇಲ್ಲಿ ಪ್ರತಿ ತೊರೆಯೂ ಹೊಸದು, ನಕ್ಷೆಯಿಲ್ಲದೆ ನಡೆಯುವುದಿಲ್ಲ.

ಪ್ಲಾಟರ್ ಎಂದರೆ ಪರದೆ, ಜಿಪಿಎಸ್ ಗ್ರಾಹಕ, ನಕ್ಷೆ ಮೂರೂ ಸೇರಿದ ಪೆಟ್ಟಿಗೆ. ಕೊಳ್ಳುವವರ ಮಾತೆಲ್ಲ ಪರದೆಯ ಸುತ್ತಲೇ ಇರುತ್ತದೆ. ಜಿಪಿಎಸ್ ನಿಖರತೆಯ ಬಗ್ಗೆಯಂತೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸುವ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಈಗ ಅಗ್ಗದ ಯಂತ್ರವೂ ಕೆಲವೇ ಮೀಟರ್‌ಗಳ ಒಳಗೆ ಸರಿಯಾದ ಜಾಗ ತೋರಿಸುತ್ತದೆ. ಯಂತ್ರದಿಂದ ಯಂತ್ರಕ್ಕೆ ನಿಜವಾದ ವ್ಯತ್ಯಾಸ ಇರುವುದು ನಕ್ಷೆಯಲ್ಲಿ.

ಇಲ್ಲಿನ ಸರ್ಕಾರಿ ಸಂಸ್ಥೆ ನೋವಾ ತನ್ನ ಎಲೆಕ್ಟ್ರಾನಿಕ್ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ, ವಾರವಾರ ತಿದ್ದುತ್ತದೆ. ಓಪನ್‌ಸಿಪಿಎನ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಮನೆಯ ಲ್ಯಾಪ್‌ಟಾಪಿನಲ್ಲೇ ನೋಡಬಹುದು. ಆದರೆ ಸಣ್ಣ ದೋಣಿಗಳಿಗೆಂದು ಮಾರುವ ಬಹುಪಾಲು ಪ್ಲಾಟರ್‌ಗಳು ಅವನ್ನು ನೇರವಾಗಿ ಓದುವುದಿಲ್ಲ. ಅದೇ ಮಾಹಿತಿಯನ್ನು ಕಂಪನಿಗಳು ತಮ್ಮ ಅಚ್ಚಿಗೆ ಎರಕ ಹೊಯ್ದು, ಮೇಲೊಂದಿಷ್ಟು ಸೇರಿಸಿ ಮಾರುತ್ತವೆ. ನಕ್ಷೆ ಕಂಪನಿ ನಾವಿಯಾನಿಕ್ಸ್ 2017ರಿಂದ ಪ್ಲಾಟರ್ ತಯಾರಿಸುವ ಗಾರ್ಮಿನ್ ಒಡೆತನದಲ್ಲಿದೆ. ಸಿ-ಮ್ಯಾಪ್ ನಕ್ಷೆಗಳಿರುವುದು ಸಿಮ್ರಾಡ್, ಲೋರೆನ್ಸ್, ಬಿ ಆಂಡ್ ಜಿ ಯಂತ್ರಗಳ ಬಳಗದಲ್ಲಿ. ರೇಮರೀನ್‌ಗೆ ತನ್ನದೇ ಲೈಟ್‌ಹೌಸ್ ನಕ್ಷೆಗಳಿವೆ. ಪೆಟ್ಟಿಗೆ ಆರಿಸಿದಿರೆಂದರೆ ನಕ್ಷೆಯ ಮನೆತನವನ್ನೂ ಹೆಚ್ಚುಕಡಿಮೆ ಆರಿಸಿದಂತೆ. ಆದ್ದರಿಂದ ನಾನು ಹಿಂದಿನಿಂದ ಮುಂದಕ್ಕೆ ಬಂದೆ: ಮೊದಲು ನಕ್ಷೆ, ಆಮೇಲೆ ಯಂತ್ರ.

ಅನಾಪೊಲಿಸ್‌ನಲ್ಲಿ ಅಕ್ಟೋಬರ್‌ನಲ್ಲಿ ದೊಡ್ಡ ದೋಣಿ ಪ್ರದರ್ಶನ ನಡೆಯುತ್ತದೆ, ಎಲ್ಲ ಕಂಪನಿಗಳೂ ಮಳಿಗೆ ಹಾಕುತ್ತವೆ. ಅಲ್ಲಿಗೆ ಹೋಗುವ ಮುನ್ನ ನನಗೆ ಚೆನ್ನಾಗಿ ಗೊತ್ತಿರುವ ಕೆಲವು ಜಾಗಗಳನ್ನು ಬರೆದುಕೊಂಡೆ. ನಮ್ಮ ತೊರೆಯ ಬಾಯಿ, ಲಂಗರು ಹಾಕಲು ಹೋಗುವ ರೋಡ್ ನದಿ, ಕೆಂಟ್ ನ್ಯಾರೋಸ್‌ನ ಇಕ್ಕಟ್ಟಿನ ದಾರಿ, ಥಾಮಸ್ ಪಾಯಿಂಟ್ ದಿಬ್ಬ. ಕೆಲವು ಕಡೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ಅಳೆದೂ ಇಟ್ಟಿದ್ದೆ. ಪ್ರತಿ ಪ್ಲಾಟರ್‌ನಲ್ಲೂ ನೀರಿಗಿಳಿಯದೆ ಓಡಿಸಿ ನೋಡುವ ಸಿಮ್ಯುಲೇಟರ್ ಇರುತ್ತದೆ. ಮಳಿಗೆಯವರು ಫ್ಲೋರಿಡಾದ ನೀಲಿ ನೀರನ್ನು ತೋರಿಸುತ್ತಿದ್ದರೆ ನಾನು ಕರ್ಸರ್ ಎಳೆದು ನಮ್ಮ ತೊರೆಗೆ ತಂದು ನಿಲ್ಲಿಸುತ್ತಿದ್ದೆ.

ಥಾಮಸ್ ಪಾಯಿಂಟ್ ನನ್ನ ಮುಖ್ಯ ಪರೀಕ್ಷೆ. 1875ರಲ್ಲಿ ಕಬ್ಬಿಣದ ಕಂಬಗಳ ಮೇಲೆ ಕಟ್ಟಿದ ಆರು ಮೂಲೆಯ ದೀಪಮನೆ ಅಲ್ಲಿ ನೀರಿನ ನಡುವೆ ಇಂದಿಗೂ ನಿಂತಿದೆ. ದೀಪಮನೆಗೂ ದಡಕ್ಕೂ ನಡುವೆ ಬೇಕಾದಷ್ಟು ನೀರಿದ್ದಂತೆ ಕಾಣುತ್ತದೆ, ಒಳಬದಿಯಿಂದ ಹಾದರೆ ದಾರಿ ಉಳಿಯುತ್ತದೆ ಎನಿಸುತ್ತದೆ. ಆದರೆ ಅಲ್ಲಿ ಹರಡಿಕೊಂಡಿರುವುದು ದಿಬ್ಬ. ನಕ್ಷೆಯನ್ನು ಒಂದೊಂದೇ ಹಂತ ಕುಗ್ಗಿಸುತ್ತ ಹೋಗಿ, ಈ ದಿಬ್ಬ ಯಾವ ಹಂತದಲ್ಲಿ ಪರದೆಯಿಂದ ಮಾಯವಾಗುತ್ತದೆ ಎಂದು ನೋಡಿದೆ. ಇಂದಿನ ನಕ್ಷೆಗಳು ಕಾಗದದ ಪಡಿಯಚ್ಚಲ್ಲ. ದೂರದಿಂದ ನೋಡುವಾಗ ಗಿಜಿಗುಡಬಾರದೆಂದು ವಿವರಗಳನ್ನು ತಾವೇ ಅಡಗಿಸುತ್ತವೆ. 2014ರ ನವೆಂಬರ್‌ನಲ್ಲಿ ಜಗತ್ತು ಸುತ್ತುವ ಹಾಯಿದೋಣಿ ಪಂದ್ಯ ವೋಲ್ವೊ ಓಷನ್ ರೇಸ್‌ನ ವೆಸ್ಟಾಸ್ ವಿಂಡ್ ಎಂಬ ದೋಣಿ ಮಾರಿಷಸ್‌ಗೆ ಸೇರಿದ ಕಾರ್ಗಡೋಸ್ ಕಾರಜೋಸ್ ಹವಳ ದಿಬ್ಬಗಳಿಗೆ ರಾತ್ರಿ ಬಡಿದದ್ದು ಹೀಗೆಯೇ. ನಕ್ಷೆಯಲ್ಲಿ ದಿಬ್ಬಗಳಿದ್ದವು, ಆದರೆ ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ. ಜಗತ್ತಿನ ಪಳಗಿದ ನಾವಿಕರಿಗೇ ಹೀಗಾಗುವುದಾದರೆ ಶನಿವಾರದ ನಾವಿಕನಾದ ನನ್ನ ಪಾಡೇನು? ಇಷ್ಟಕ್ಕಿಂತ ಕಡಿಮೆ ಆಳವಿರುವ ಜಾಗಕ್ಕೆಲ್ಲ ಬಣ್ಣ ತುಂಬು ಎಂದು ನಾವೇ ಹೇಳಬಹುದಾದ ಸೌಲಭ್ಯವನ್ನು ಅಂದೇ ಕಡ್ಡಾಯವೆಂದು ಗುರುತು ಹಾಕಿಕೊಂಡೆ. ನನ್ನ ಪರದೆಯಲ್ಲಿ ಈಗ ಆರು ಅಡಿಗಿಂತ ಕಡಿಮೆ ನೀರೆಲ್ಲ ಕೆಂಪು.

ಬೇರೆ ಬಳಕೆದಾರರ ಸೋನಾರ್ (ಶಬ್ದದಿಂದ ಆಳ ಅಳೆಯುವ ಸಾಧನ) ದಾಖಲೆಗಳನ್ನು ಕೂಡಿಸಿ ಮಾಡಿದ ಆಳದ ಗೆರೆಗಳೂ ಕೆಲವು ನಕ್ಷೆಗಳಲ್ಲಿವೆ. ನೋಡಲು ಬಲು ಸೊಗಸು, ಅಡಿ ಅಡಿಗೂ ಒಂದು ಗೆರೆ. ನಾನು ಅವನ್ನು ಸರ್ಕಾರಿ ಅಳತೆಯ ಪಕ್ಕದಲ್ಲಿಟ್ಟು ನೋಡುತ್ತೇನೆ, ಎರಡರಲ್ಲಿ ಕಡಿಮೆ ನೀರು ಯಾವುದು ತೋರಿಸುತ್ತದೆಯೋ ಅದನ್ನು ನಂಬುತ್ತೇನೆ. ಅಷ್ಟಾದರೂ ಗಾಳಿಯ ಮಾತು ಬೇರೆಯೇ. ಅನಾಪೊಲಿಸ್‌ನಲ್ಲಿ ಉಬ್ಬರವಿಳಿತದ ವ್ಯತ್ಯಾಸ ಸುಮಾರು ಒಂದು ಅಡಿ ಮಾತ್ರ. ಆದರೆ ವಾಯವ್ಯದ ಗಾಳಿ ಬಿಡದೆ ಬೀಸಿದರೆ ನೀರನ್ನು ಕೊಲ್ಲಿಯಿಂದಲೇ ಹೊರಗೆ ತಳ್ಳುತ್ತದೆ, ಆಗ ನಕ್ಷೆಯಲ್ಲಿ ಬರೆದ ಆಳವೂ ಇರುವುದಿಲ್ಲ. ಅದನ್ನು ಯಾವ ನಕ್ಷೆಯೂ ಹೇಳದು, ಆಳಮಾಪಕವೇ ಹೇಳಬೇಕು.

ಆ ಕಾರಣಕ್ಕೆ ಆಳಮಾಪಕವೂ ಸೇರಿದ ಯಂತ್ರವನ್ನೇ ಬಯಸಿದೆ. ಶಬ್ದ ಕಳುಹಿಸಿ ಮರುದನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್‌ಗಾಗಿ ದೋಣಿಯ ತಳಕ್ಕೆ ತೂತು ಕೊರೆಯಲು ನನಗೆ ಮನಸ್ಸಿರಲಿಲ್ಲ. ಒಳಗಿನಿಂದಲೇ ಅಂಟಿಸುವ ಬಗೆಯದು ಸಿಗುತ್ತದೆ. ಆದರೆ ಅಲ್ಲಿ ತಳ ಗಟ್ಟಿ ಫೈಬರ್‌ಗ್ಲಾಸ್ ಆಗಿರಬೇಕು, ನಡುವೆ ಮರ ಅಥವಾ ಫೋಮ್ ತುಂಬಿದ್ದರೆ ಶಬ್ದ ದಾಟುವುದಿಲ್ಲ. ನನ್ನದು ಗಟ್ಟಿ ತಳ. ಅಂಟಿಸುವ ಮುನ್ನ, ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಮೇಲೆ ಅದನ್ನು ಇಟ್ಟು ಆಳ ಸರಿಯಾಗಿ ಬರುತ್ತದೆಯೇ ಎಂದು ಜಾಗ ಬದಲಿಸಿ ಬದಲಿಸಿ ನೋಡಿ ಖಚಿತಪಡಿಸಿಕೊಂಡೆ. ಯಂತ್ರ ಆಳವನ್ನು ಅಳೆಯುವುದು ಟ್ರಾನ್ಸ್‌ಡ್ಯೂಸರ್ ಇರುವಲ್ಲಿಂದ. ಅದನ್ನು ದೋಣಿಯ ತಳದಿಂದ ಕೆಳಕ್ಕೆ ಚಾಚಿರುವ ಕೀಲ್‌ನ ಕೆಳಗಿನಿಂದ ತೋರಿಸುವಂತೆಯೂ ನೀರಿನ ಮೇಲ್ಮೈಯಿಂದ ತೋರಿಸುವಂತೆಯೂ ಹೊಂದಿಸಬಹುದು. ಬಹಳ ಜನ ಮೊದಲನೆಯದನ್ನು ಮೆಚ್ಚುತ್ತಾರೆ. ನಾನು ಮೇಲ್ಮೈಯಿಂದ ಇಟ್ಟುಕೊಂಡಿದ್ದೇನೆ, ನಕ್ಷೆಯ ಅಂಕಿಯ ಜೊತೆ ಹೋಲಿಸುವುದು ಸುಲಭ. ಏಳು ಅಡಿಗೆ ಬಂದರೆ ಕಿರುಚುತ್ತದೆ.

ಪರದೆಯ ವಿಚಾರಕ್ಕೆ ಬಂದರೆ, ಡೇರೆಯ ನೆರಳಿನಲ್ಲಿ ಎಲ್ಲವೂ ಚೆಂದ. ಬಿಸಿಲಿಗೆ ಬಂದಾಗ ಬಣ್ಣ ಬಯಲು. ಪೋಲರಾಯ್ಡ್ ಕಪ್ಪು ಕನ್ನಡಕ ಹಾಕಿಕೊಂಡೇ ಎಲ್ಲವನ್ನೂ ನೋಡಿದೆ, ತಲೆ ಓರೆ ಮಾಡಿಯೂ ನೋಡಿದೆ. ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ. ಕೈ ಒದ್ದೆಯಾಗಿ, ದೋಣಿ ವಾಲಿ, ಮುಖಕ್ಕೆ ನೀರು ರಾಚುತ್ತಿರುವಾಗ ಬರಿಯ ಸ್ಪರ್ಶಪರದೆ ಪರಮ ಹಿಂಸೆ, ಗುಂಡಿಗಳು ಇರಲೇಬೇಕು. ಹನ್ನೆರಡು ಇಂಚಿನದು ಮೋಹಕವಾಗಿತ್ತು, ಆದರೆ ನನ್ನಲ್ಲಿ ಅದಕ್ಕೆ ಜಾಗವೂ ಇಲ್ಲ, ಇಂಜಿನ್ ನಿಲ್ಲಿಸಿ ಹಾಯಿಯಲ್ಲಿ ಸಾಗುವಾಗ ಅದಕ್ಕೆ ಉಣಿಸುವಷ್ಟು ಬ್ಯಾಟರಿಯೂ ಇಲ್ಲ. ಕೊನೆಗೆ ಗಾರ್ಮಿನ್‌ನ ಎಕೋಮ್ಯಾಪ್ ಸರಣಿಯ ಏಳು ಇಂಚಿನದನ್ನು ಕೊಂಡೆ. ಅದರಲ್ಲಿ ಸ್ಪರ್ಶವೂ ಇದೆ, ಗುಂಡಿಗಳೂ ಇವೆ. ರೇಡಾರ್ ಜೋಡಿಸುವ ಆಸೆಯಿರುವವರು ಒಂದು ಮೆಟ್ಟಿಲು ಮೇಲಿನದನ್ನು ನೋಡಬೇಕು.

ಟ್ಯಾಬ್ಲೆಟ್ ಇರುವಾಗ ಇದೆಲ್ಲ ಏಕೆ ಎಂದು ಗೆಳೆಯರು ಕೇಳುತ್ತಾರೆ. ಜುಲೈ ಬಿಸಿಲಿನಲ್ಲಿ ಟ್ಯಾಬ್ಲೆಟ್ ಕಾದು ತಾನೇ ಆರಿಹೋಗುತ್ತದೆ, ಉತ್ತರ ಅಷ್ಟೇ. ಎರಡನೆಯ ಆಸರೆಯಾಗಿ ಅದು ಒಳಗೆ ನೆರಳಿನಲ್ಲಿರುತ್ತದೆ.

ತಂತಿಗಳಲ್ಲಿ ಒಂದು ವಿಷಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ಪ್ಲಾಟರ್ ಕೊಂಡ ದಿನವೇ ಅದನ್ನು ವಿಎಚ್‌ಎಫ್ ರೇಡಿಯೊಗೆ, ಅಂದರೆ ದೋಣಿಯಿಂದ ಮಾತಾಡಲು, ಸಹಾಯ ಕೇಳಲು ಇರುವ ರೇಡಿಯೊಗೆ, ಜೋಡಿಸಿ. ನನ್ನ ಹಳೆಯ ರೇಡಿಯೊದಲ್ಲಿ ಸ್ವಂತ ಜಿಪಿಎಸ್ ಇಲ್ಲ. ದೋಣಿಯ ಯಂತ್ರಗಳು ಮಾಹಿತಿ ಹಂಚಿಕೊಳ್ಳುವ ಎನ್‌ಎಂಇಎ 0183 ಎಂಬ ಹಳೆಯ ಪದ್ಧತಿಯ ಎರಡು ಸಣ್ಣ ತಂತಿ ಸಾಕಾಯಿತು. ರೇಡಿಯೊಗೆ ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಯ ಗುರುತು ಪಡೆದಿದ್ದರೆ, ಅಪಾಯದ ಕರೆಯ ಕೆಂಪು ಗುಂಡಿ ಒತ್ತಿದಾಗ 70ನೆಯ ಚಾನೆಲ್‌ನಲ್ಲಿ ನಾವು ಯಾರು ಎಂಬುದರ ಜೊತೆಗೆ ಎಲ್ಲಿದ್ದೇವೆ ಎಂಬುದೂ ಹೋಗುತ್ತದೆ. ಇಷ್ಟು ಅಗ್ಗದ ಜೀವರಕ್ಷಣೆಯನ್ನು ಎಷ್ಟೋ ದೋಣಿಗಳಲ್ಲಿ ಜೋಡಿಸದೇ ಬಿಟ್ಟಿರುತ್ತಾರೆ. ಇನ್ನು ಯಂತ್ರವನ್ನು ಕೂರಿಸುವಾಗ ದಿಕ್ಸೂಚಿಯಿಂದ ದೂರವಿಡಿ, ಎಷ್ಟು ದೂರ ಎಂಬುದು ಕೈಪಿಡಿಯಲ್ಲಿದೆ.

ದಾರಿಯನ್ನು ತಾನೇ ಗೀಚಿಕೊಡುವ ಸೌಲಭ್ಯವನ್ನು ನಾನು ಬಳಸುವುದು ಕರಡಿನ ಮಟ್ಟಿಗೆ. ಅದು ಏಡಿ ಬೋನುಗಳ ತೇಲುಬೆಂಡುಗಳನ್ನು ಕಾಣದು, ಬೇಸಿಗೆಯಲ್ಲಿ ಇಲ್ಲಿ ನೀರೆಲ್ಲ ಅವೇ. ನಮ್ಮ ಕರಾವಳಿಯಿಂದ ಬಂದವರಿಗೆ ಇನ್ನೊಂದು ಗೊಂದಲವೂ ಕಾದಿರುತ್ತದೆ: ಭಾರತದಲ್ಲಿ ಬಂದರಿಗೆ ಒಳಬರುವಾಗ ಕೆಂಪು ಗುರುತು ಎಡಕ್ಕೆ, ಅಮೆರಿಕದಲ್ಲಿ ಬಲಕ್ಕೆ. ಪರದೆಯಲ್ಲಿ ಬಣ್ಣ ಸರಿಯಾಗಿಯೇ ಇರುತ್ತದೆ, ತಿರುಗಬೇಕಾದದ್ದು ಕೈಯ ಅಭ್ಯಾಸ.

ಚಳಿಗಾಲಕ್ಕೆ ದೋಣಿಯನ್ನು ದಡಕ್ಕೇರಿಸಿದ ಮೇಲೆ ಪ್ಲಾಟರ್ ಬಿಚ್ಚಿ ಮನೆಗೆ ತರುತ್ತೇನೆ. ಗುರುತು ಹಾಕಿದ ಜಾಗಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಇಳಿಸಿಡುತ್ತೇನೆ. ನಕ್ಷೆಯ ಚಂದಾವನ್ನು ಮಾತ್ರ ಆಗ ಕಟ್ಟುವುದಿಲ್ಲ. ಏಪ್ರಿಲ್‌ನಲ್ಲಿ ನೀರಿಗಿಳಿಸುವ ವಾರ ಕಟ್ಟಿ, ಹೊಸ ನಕ್ಷೆ ತುಂಬಿಸಿಕೊಂಡು ಹೊರಡುತ್ತೇನೆ.