ಎಕ್ಸ್‌ಎಂಎಲ್ ಒಳಗೆ ಅಡಗಿರುವ ಎಚ್‌ಟಿಎಂಎಲ್ ಅನ್ನು ಪುಟಕ್ಕೆ ತರುವ ಬಗೆ

ಆರ್‌ಎಸ್‌ಎಸ್ ಫೀಡನ್ನು (ಸೈಟಿನ ಹೊಸ ಬರಹಗಳ ಎಕ್ಸ್‌ಎಂಎಲ್ ಪಟ್ಟಿ) ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಮೂಲಕ ವೆಬ್ ಪುಟ ಮಾಡಲು ಹೊರಟರೆ ಶೀರ್ಷಿಕೆ, ದಿನಾಂಕ, ಲಿಂಕ್ ಎಲ್ಲವೂ ಸಲೀಸಾಗಿ ಬರುತ್ತವೆ. ಸುದ್ದಿಯ ವಿವರ ಇರಬೇಕಾದ ಕಡೆ ಮಾತ್ರ <ಪಿ>ಮಳೆ <ಬಿ>ಜೋರಾಗಿದೆ</ಬಿ></ಪಿ> ಅಂತ ಟ್ಯಾಗುಗಳೇ ಕಣ್ಣಿಗೆ ರಾಚುತ್ತವೆ. (ಇಲ್ಲಿ ಟ್ಯಾಗ್ ಮತ್ತು ಕಮಾಂಡುಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ, ಕೋಡಿನಲ್ಲಿ ಅವು ಇಂಗ್ಲಿಷಿನಲ್ಲೇ ಇರಬೇಕು.) ಎಕ್ಸ್‌ಎಸ್‌ಎಲ್‌ಟಿ ಇಲ್ಲಿ ತಪ್ಪು ಮಾಡಿಲ್ಲ. ಅದರ ಪಾಲಿಗೆ ಆ ವಿವರ ಬರೀ ಅಕ್ಷರಗಳ ಸಾಲು. ಅಕ್ಷರವನ್ನು ಅಕ್ಷರವಾಗಿಯೇ ಕಾಣಿಸಲು ಅದು < ಇದ್ದಲ್ಲೆಲ್ಲ ಮತ್ತೆ ಎಸ್ಕೇಪ್ ಮಾಡಿ, ಅಂದರೆ &#60; ಎಂಬಂಥ ಸಂಕೇತವಾಗಿ ಬದಲಿಸಿ, ಹೊರಗೆ ಕಳಿಸುತ್ತದೆ.

ಕೋಡಿಗೆ ಕೈ ಹಾಕುವ ಮೊದಲು ಮೂಲ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ. ಬ್ರೌಸರಿನಲ್ಲಿ ನೋಡಿದರೆ ಅದು ಒಂದು ಪದರವನ್ನು ತಾನೇ ಬಿಡಿಸಿ ತೋರಿಸುತ್ತದೆ, ನೀವು ಮೋಸ ಹೋಗುತ್ತೀರಿ. ಎಡಿಟರಿನಲ್ಲಿ ಈ ನಾಲ್ಕರಲ್ಲಿ ಒಂದು ಕಾಣುತ್ತದೆ:

<ವಿವರ><ಪಿ>ಮಳೆ</ಪಿ></ವಿವರ>
<ವಿವರ>&#60;ಪಿ&#62;ಮಳೆ&#60;/ಪಿ&#62;</ವಿವರ>
<ವಿವರ><![ಸಿಡೇಟಾ[<ಪಿ>ಮಳೆ</ಪಿ>]]></ವಿವರ>
<ವಿವರ>&#38;#60;ಪಿ&#38;#62;ಮಳೆ&#38;#60;/ಪಿ&#38;#62;</ವಿವರ>

ಮೊದಲನೆಯದು ನಿಜವಾದ ಮಾರ್ಕಪ್. ಇದಕ್ಕೆ ಎಕ್ಸ್‌ಎಸ್‌ಎಲ್‌ಟಿಯ ವ್ಯಾಲ್ಯೂ-ಆಫ್ ಕಮಾಂಡ್ ಬಳಸಿದರೆ ಟ್ಯಾಗುಗಳೆಲ್ಲ ಉದುರಿ ಬರೀ ಪಠ್ಯ ಉಳಿಯುತ್ತದೆ. ಕಾಪಿ-ಆಫ್ ಬಳಸಿ, ಕೆಲಸ ಮುಗಿಯಿತು. ಎರಡನೆಯದೂ ಮೂರನೆಯದೂ ನೋಡಲು ಬೇರೆ, ಪಾರ್ಸರ್ (ಫೈಲನ್ನು ಓದಿ ಟ್ಯಾಗುಗಳ ಮರ ಕಟ್ಟುವ ತಂತ್ರಾಂಶ) ದಾಟಿದ ಮೇಲೆ ಒಂದೇ. ಸಿಡೇಟಾ (ಒಳಗಿನದನ್ನು ಬರೀ ಪಠ್ಯವೆಂದು ಓದಿಸುವ ಸುತ್ತು) ಇತ್ತೋ ಎಸ್ಕೇಪ್ ಇತ್ತೋ ಎಂಬುದು ಎಕ್ಸ್‌ಎಸ್‌ಎಲ್‌ಟಿಗೆ ತಿಳಿಯುವುದೇ ಇಲ್ಲ. ಹಾಗಾಗಿ 'ಸಿಡೇಟಾ ಒಳಗೆ ಹಾಕಿದರೆ ಸರಿಹೋಗುತ್ತದೆ' ಎಂಬ ಸಲಹೆಯಿಂದ ಏನೂ ಬದಲಾಗದು. ನಾಲ್ಕನೆಯದು ಎರಡು ಸಲ ಎಸ್ಕೇಪ್ ಆಗಿರುವಂಥದ್ದು. ಸಾಮಾನ್ಯವಾಗಿ ಫೀಡ್ ತಯಾರಿಸುವ ಕೋಡ್ ಒಮ್ಮೆ, ಎಕ್ಸ್‌ಎಂಎಲ್ ಲೈಬ್ರರಿ ಇನ್ನೊಮ್ಮೆ ಎಸ್ಕೇಪ್ ಮಾಡಿದ್ದರ ಫಲ ಇದು. ಫೀಡ್ ನಿಮ್ಮದೇ ಆಗಿದ್ದರೆ ಅಲ್ಲೇ ಸರಿಪಡಿಸಿ.

ಎಷ್ಟು ಸಲ ಸುತ್ತಿದೆಯೋ ಅಷ್ಟೇ ಸಲ ಬಿಡಿಸಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. 'ಎಕ್ಸ್‌ಎಂಎಲ್‌ನಲ್ಲಿ <ಬಿ> ಬಳಸುವುದು ಹೇಗೆ' ಎಂಬ ಶೀರ್ಷಿಕೆಯನ್ನು ಒಂದು ಸಲ ಹೆಚ್ಚು ಬಿಡಿಸಿದರೆ ಆ <ಬಿ> ಮಾಯವಾಗಿ ಉಳಿದ ಸಾಲೆಲ್ಲ ದಪ್ಪಕ್ಷರವಾಗುತ್ತದೆ. ಆಟಂ ಎಂಬ ಇನ್ನೊಂದು ಬಗೆಯ ಫೀಡಿನಲ್ಲಿ ಈ ಗೊಂದಲವಿಲ್ಲ: ಒಳಗಿರುವುದು ಪಠ್ಯವೋ, ಎಸ್ಕೇಪ್ ಆದ ಎಚ್‌ಟಿಎಂಎಲ್ಲೋ, ನಿಜವಾದ ಎಕ್ಸ್‌ಎಚ್‌ಟಿಎಂಎಲ್ಲೋ ಎಂದು ಟೈಪ್ ಎಂಬ ಗುಣವೇ (ಆಟ್ರಿಬ್ಯೂಟ್) ಹೇಳುತ್ತದೆ. ಅದನ್ನು ನೋಡಿ ಮೂರಕ್ಕೂ ಬೇರೆ ಬೇರೆ ಟೆಂಪ್ಲೇಟ್ ಬರೆಯಿರಿ. ಆರ್‌ಎಸ್‌ಎಸ್ 2.0ರಲ್ಲಿ ಅಂಥ ಗುರುತಿಲ್ಲ. ಅಲ್ಲಿ ವಿವರವನ್ನು ಎಚ್‌ಟಿಎಂಎಲ್ ಎಂದೂ ಶೀರ್ಷಿಕೆಯನ್ನು ಬರೀ ಪಠ್ಯ ಎಂದೂ ಹಿಡಿಯುವುದು ಕ್ಷೇಮ.

ಹುಡುಕಿದರೆ ಮೊದಲು ಸಿಗುವ ಉತ್ತರ, ವ್ಯಾಲ್ಯೂ-ಆಫ್‌ಗೆ ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಎಂಬ ಗುಣ ಸೇರಿಸಿ 'ಯೆಸ್' ಕೊಡುವುದು. ಎಷ್ಟೋ ಸಲ ಇದು ಕೆಲಸ ಮಾಡಿದಂತೆಯೂ ಕಾಣುತ್ತದೆ. ಆದರೆ ಇದು ಟ್ಯಾಗುಗಳನ್ನು ನೋಡುಗಳಾಗಿ (ಮರದ ಬಿಡಿ ಭಾಗಗಳಾಗಿ) ಮಾಡುವುದಿಲ್ಲ. ಫೈಲಿಗೆ ಬರೆಯುವ ಕೊನೆಯ ಹಂತಕ್ಕೆ 'ಇದನ್ನು ಹಾಗೇ ಬರೆ' ಎಂದು ಕೊಡುವ ಸೂಚನೆ ಅಷ್ಟೆ. ಬರೆಯುವ ಹಂತವೇ ಇಲ್ಲದ ಕಡೆ ಸೂಚನೆ ಗಾಳಿಗೆ ಹೋಗುತ್ತದೆ. ಫೈರ್‌ಫಾಕ್ಸ್ ಫಲಿತಾಂಶವನ್ನು ನೇರವಾಗಿ ಡಾಮ್ ಮರವಾಗಿ (ಮೆಮೊರಿಯಲ್ಲೇ ಇರುವ ಪುಟದ ರೂಪ) ಕಟ್ಟುವುದರಿಂದ ಅಲ್ಲಿ ಇದು ನಡೆಯುವುದಿಲ್ಲ. ವೇರಿಯಬಲ್ ಒಳಗೆ ಕಟ್ಟಿಟ್ಟು ಆಮೇಲೆ ಬಳಸಿದರೆ, ಅಥವಾ ಒಂದು ಪರಿವರ್ತನೆಯ ಫಲವನ್ನು ಇನ್ನೊಂದಕ್ಕೆ ಡಾಮ್ ಆಗಿ ಕೊಟ್ಟರೆ ಅದನ್ನು ನಂಬುವಂತಿಲ್ಲ. 1999ರ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲೇ ಇದು ಕಡ್ಡಾಯವಲ್ಲದ ಸೌಲಭ್ಯವಾಗಿತ್ತು, 2007ರ 2.0 ಇದನ್ನು ಬಳಸದಿರುವುದೇ ಲೇಸೆಂದು ಬದಿಗಿಟ್ಟಿತು. ಮೇಲಾಗಿ, ಮೂಲದಲ್ಲಿ ಮುಚ್ಚದ ಒಂದು ಡಿವ್ ಇದ್ದರೆ ಅದು ಹಾಗೇ ಪುಟಕ್ಕೆ ಬಂದು ಕೆಳಗಿನ ವಿನ್ಯಾಸವನ್ನೆಲ್ಲ ಕೆಡಿಸುತ್ತದೆ. ನಿಮ್ಮದೇ ಮೂಲ, ನಿಮ್ಮದೇ ಸರ್ವರ್, ನೇರವಾಗಿ ಫೈಲಿಗೆ ಬರೆಯುವ ಒಂದೇ ಹಂತ, ಈ ಮೂರೂ ಇದ್ದರೆ ಬಳಸಬಹುದು. ಇಲ್ಲದಿದ್ದರೆ ಬೇಡ.

ಬಾಳಿಕೆ ಬರುವ ದಾರಿ ಎಂದರೆ ಆ ಅಕ್ಷರದ ಸಾಲನ್ನು ನಿಜವಾದ ಪಾರ್ಸರಿಗೆ ಕೊಟ್ಟು ಮರ ಮಾಡಿಸುವುದು. ಎಕ್ಸ್‌ಎಸ್‌ಎಲ್‌ಟಿ ಬಳಸುವ ಎಕ್ಸ್‌ಪಾತ್ ಎಂಬ ಹುಡುಕು ಭಾಷೆಯಲ್ಲಿ 3.0ರಿಂದ ಪಾರ್ಸ್-ಎಕ್ಸ್‌ಎಂಎಲ್-ಫ್ರಾಗ್ಮೆಂಟ್ ಎಂಬ ಫಂಕ್ಷನ್ ಇದೆ. ಸ್ಯಾಕ್ಸನ್ ಎಂಬ ಎಕ್ಸ್‌ಎಸ್‌ಎಲ್‌ಟಿ ತಂತ್ರಾಂಶ ಬಳಸುವವರು ಅದರ ಫಲವನ್ನು ಕಾಪಿ-ಆಫ್‌ಗೆ ಕೊಟ್ಟರೆ ಸಾಕು. ಆದರೆ ಒಳಗಿರುವುದು ಶಿಸ್ತಾದ ಎಕ್ಸ್‌ಎಂಎಲ್ ಆಗಿದ್ದರೆ ಮಾತ್ರ. ಮುಚ್ಚದ ಬಿಆರ್, ಉದ್ಧರಣ ಚಿಹ್ನೆಯಿಲ್ಲದ ಗುಣ, ಸಾಲು ಮುರಿಯದ ಖಾಲಿ ಜಾಗಕ್ಕಿರುವ ಎನ್‌ಬಿಎಸ್‌ಪಿ ಎಂಬ ಎಂಟಿಟಿ (ಹೆಸರಿನಿಂದ ಬರೆಯುವ ಸಂಕೇತ), ಇವುಗಳಲ್ಲಿ ಒಂದು ಸಿಕ್ಕಿದರೂ ಪಾರ್ಸರ್ ಅಲ್ಲೇ ನಿಲ್ಲುತ್ತದೆ. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಎಂಟಿಟಿಗಳು ಐದೇ: <, >, &, ಒಂಟಿ ಮತ್ತು ಜೋಡಿ ಉದ್ಧರಣ ಚಿಹ್ನೆಗಳವು. ಎನ್‌ಬಿಎಸ್‌ಪಿ ಬೇಕಾದರೆ &#160; ಎಂದೇ ಬರೆಯಬೇಕು.

ಹೊರಗಿನವರ ಫೀಡುಗಳಲ್ಲಿ ಅಂಥ ಶಿಸ್ತನ್ನು ನಿರೀಕ್ಷಿಸಬೇಡಿ. ಪರಿವರ್ತನೆಗೆ ಮೊದಲು ಒಂದು ಹಂತ ಸೇರಿಸಿ. ಫೀಡನ್ನು ಎಕ್ಸ್‌ಎಂಎಲ್ ಪಾರ್ಸರಿನಲ್ಲಿ ಓದಿ, ವಿವರದ ಪಠ್ಯ ತೆಗೆದುಕೊಳ್ಳಿ. ಮೊದಲ ಪದರ ಇಲ್ಲೇ ಬಿಡುತ್ತದೆ. ಆ ಪಠ್ಯವನ್ನು ಎಚ್‌ಟಿಎಂಎಲ್ ಪಾರ್ಸರಿಗೆ ಕೊಡಿ: ಜಾವಾದಲ್ಲಿ ಜೆಸೂಪ್, ಪೈಥಾನ್‌ನಲ್ಲಿ ಎಚ್‌ಟಿಎಂಎಲ್5ಲಿಬ್, ನೋಡ್.ಜೆಎಸ್‌ನಲ್ಲಿ ಪಾರ್ಸ್5. ಬಿಆರ್ ಮುಚ್ಚದಿದ್ದರೂ ಇವು ಬ್ರೌಸರಿನ ಹಾಗೆಯೇ ಮರ ಕಟ್ಟುತ್ತವೆ. ಆಮೇಲೆ ಮರದಿಂದ ಅಪಾಯದ ಕೋಡ್ ತೆಗೆದು ಶುದ್ಧಿ ಮಾಡಿ, ವಿವರದ ಒಳಗೆ ಮಕ್ಕಳಾಗಿ ಸೇರಿಸಿ, ಎಕ್ಸ್‌ಎಸ್‌ಎಲ್‌ಟಿಗೆ ಕೊಡಿ. ಈಗ ಕಾಪಿ-ಆಫ್ ಸಾಕು.

ಎಂಟಿಟಿ ಬಿಡಿಸಲು ರಿಪ್ಲೇಸ್ ಸಾಲುಗಳನ್ನು ನೀವೇ ಬರೆಯಬೇಡಿ. ಬರೆಯಲೇಬೇಕಾಗಿ ಬಂದರೆ & ಅನ್ನು ಕೊನೆಯಲ್ಲಿ ಬಿಡಿಸಿ. ಮೊದಲೇ ಬಿಡಿಸಿದರೆ &#38;#60; ಎಂಬುದು &#60; ಆಗಿ, ಮುಂದಿನ ಸಾಲಿನಲ್ಲಿ < ಆಗಿಬಿಡುತ್ತದೆ. ಒಂದೇ ಓಟದಲ್ಲಿ ಎರಡು ಪದರ ಹರಿದಂತಾಯಿತು. ಎಸ್ಕೇಪ್ ಮಾಡುವಾಗ ಇದಕ್ಕೆ ತದ್ವಿರುದ್ಧ, & ಮೊದಲು.

ಶುದ್ಧಿ ಎಂಬುದು ಬಿಡುವಿದ್ದರೆ ಮಾಡುವ ಕೆಲಸವಲ್ಲ. ಬೇರೆಯವರ ಎಚ್‌ಟಿಎಂಎಲ್ ನಿಮ್ಮ ಪುಟದಲ್ಲಿ ಜೀವ ಪಡೆದರೆ, ಅದರೊಳಗಿನ ಸ್ಕ್ರಿಪ್ಟ್ ನಿಮ್ಮ ಓದುಗರ ಬ್ರೌಸರಿನಲ್ಲಿ ನಿಮ್ಮ ಸೈಟಿನ ಹೆಸರಲ್ಲೇ ಓಡುತ್ತದೆ. ಸ್ಕ್ರಿಪ್ಟ್ ಟ್ಯಾಗ್ ಒಂದನ್ನೇ ತೆಗೆದರೆ ಸಾಲದು: ಚಿತ್ರದ ಆನ್‌ಎರರ್ ಗುಣ (ಚಿತ್ರ ಸಿಗದಿದ್ದರೆ ಓಡುವ ಕೋಡ್), ಜಾವಾಸ್ಕ್ರಿಪ್ಟ್ ಎಂದು ಶುರುವಾಗುವ ಲಿಂಕ್ ಕೂಡ ಅಷ್ಟೇ ಅಪಾಯ. ಬೇಡದ್ದನ್ನು ಪಟ್ಟಿ ಮಾಡದೆ, ಬೇಕಾದ ಟ್ಯಾಗ್ ಮತ್ತು ಗುಣಗಳನ್ನಷ್ಟೇ ಬಿಟ್ಟುಕೊಳ್ಳಿ. ಜೆಸೂಪಿನಲ್ಲಿ ಇದಕ್ಕೆ ಸೇಫ್‌ಲಿಸ್ಟ್ ಇದೆ, ಬ್ರೌಸರ್ ಕಡೆಗೆ ಡಾಮ್‌ಪ್ಯೂರಿಫೈ. ಕೊನೆಯ ಪದರ ಬಿಡಿಸಿದ ಮೇಲೆಯೇ ಶುದ್ಧಿ ನಡೆಯಬೇಕು. ಎಸ್ಕೇಪ್ ಆಗಿರುವಾಗ ಮಾಡಿದರೆ ಶುದ್ಧಿ ಮಾಡುವ ಕೋಡಿಗೆ ಅಲ್ಲಿ ಟ್ಯಾಗೇ ಕಾಣದು, ವಿಷ ಹಾಗೇ ದಾಟಿ ಹೋಗುತ್ತದೆ.

ಹೊರಬರುವ ಕಡೆ ಇನ್ನೊಂದು ಬಲೆ ಇದೆ. ಔಟ್‌ಪುಟ್ ವಿಧಾನ ಎಚ್‌ಟಿಎಂಎಲ್ ಆಗಿದ್ದು ಎಕ್ಸ್‌ಎಸ್‌ಎಲ್‌ಟಿ 1.0 ಬಳಸುತ್ತಿದ್ದರೆ, ಸೇರಿಸುವ ನೋಡುಗಳಿಗೆ ನೇಮ್‌ಸ್ಪೇಸ್ (ಟ್ಯಾಗ್ ಯಾವ ಭಾಷೆಯದೆಂದು ಹೇಳುವ ಗುರುತು) ಇರಬಾರದು. ಎಕ್ಸ್‌ಎಚ್‌ಟಿಎಂಎಲ್ ನೇಮ್‌ಸ್ಪೇಸ್ ಇದ್ದರೆ ಅವು ಎಕ್ಸ್‌ಎಂಎಲ್ ಶೈಲಿಯಲ್ಲಿ ಬರುತ್ತವೆ, ಖಾಲಿ ಡಿವ್ <ಡಿವ್/> ಆಗುತ್ತದೆ, ಬ್ರೌಸರ್ ಅದನ್ನು ತೆರೆದ ಟ್ಯಾಗ್ ಎಂದು ತಿಳಿದು ಮುಂದಿನದ್ದನ್ನೆಲ್ಲ ಅದರೊಳಗೆ ತುಂಬುತ್ತದೆ.

ಕನ್ನಡದ ಪುಟಗಳಲ್ಲಿ ಬರುವ ಒಂದು ಲಕ್ಷಣ ಬೇರೆಯೇ. 'ಕನ್ನಡ' ಎಂದು ಇರಬೇಕಾದಲ್ಲಿ &#3221;&#3240;&#3277;&#3240;&#3233; ಎಂದು ಕಂಡರೆ ಫಾಂಟನ್ನು ದೂರಬೇಡಿ. ಎಲ್ಲೋ ಒಂದು ಹಂತ, ಕನ್ನಡ ಅಕ್ಷರಗಳೇ ಇಲ್ಲದ ಆಸ್ಕಿ ಎನ್‌ಕೋಡಿಂಗಿನಲ್ಲಿ ಬರೆದಿದೆ, ಮುಂದಿನ ಹಂತ ಆ & ಅನ್ನು ಮತ್ತೆ ಎಸ್ಕೇಪ್ ಮಾಡಿದೆ. ಎಲ್ಲ ಹಂತಗಳ ಎನ್‌ಕೋಡಿಂಗನ್ನೂ ಯುಟಿಎಫ್-8ಕ್ಕೆ ತನ್ನಿ, ಜೊತೆಗೆ ಎರಡನೇ ಎಸ್ಕೇಪ್ ಎಲ್ಲಿ ಆಗುತ್ತಿದೆ ಎಂದು ಹುಡುಕಿ ತೆಗೆಯಿರಿ. 'ಎಕ್ಸ್‌ಎಂಎಲ್' ಎಂದು ಬರೆಯುವಾಗ ಒತ್ತಕ್ಷರವಾಗದಂತೆ ನಡುವೆ ಹಾಕುವ ಅದೃಶ್ಯ ಅಕ್ಷರವನ್ನೂ ಕೆಲವು ಎಡಿಟರುಗಳು ಎಂಟಿಟಿ ಹೆಸರಿನಲ್ಲಿ ಬರೆಯುತ್ತವೆ; ಅದು ಎಕ್ಸ್‌ಎಂಎಲ್‌ಗೆ ಗೊತ್ತಿರುವ ಆ ಐದು ಎಂಟಿಟಿಗಳಲ್ಲಿಲ್ಲ, &#8204; ಆಗಬೇಕು. ಸಾರಾಂಶಕ್ಕಾಗಿ ಸಬ್‌ಸ್ಟ್ರಿಂಗ್‌ನಿಂದ ಕತ್ತರಿಸುವುದಿದ್ದರೆ ಟ್ಯಾಗ್ ತೆಗೆದ ಪಠ್ಯವನ್ನೇ ಕತ್ತರಿಸಿ, ಅದೂ ಪದಗಳ ನಡುವಿನ ಖಾಲಿ ಜಾಗದಲ್ಲಿ. ಎಕ್ಸ್‌ಪಾತ್ ಲೆಕ್ಕದಲ್ಲಿ 'ಕನ್ನಡ' ಐದು ಅಕ್ಷರ. ಮೂರಕ್ಕೆ ಕತ್ತರಿಸಿದರೆ ಸಿಗುವುದು 'ಕನ್'.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆಂದು ಒಂದು ಐಟಂ ಬರೆದಿಟ್ಟುಕೊಳ್ಳಿ: ಶೀರ್ಷಿಕೆಯಲ್ಲಿ 5 &#60; 10, ವಿವರದಲ್ಲಿ ಮುಚ್ಚದ ಬಿಆರ್, ಹೆಸರಿನಿಂದ ಬರೆದ ಎನ್‌ಬಿಎಸ್‌ಪಿ, ಖಾಲಿ ಡಿವ್, ಆನ್‌ಎರರ್ ಇರುವ ಚಿತ್ರ, 'ಎಕ್ಸ್‌ಎಂಎಲ್' ಎಂಬ ಪದ. ಪುಟವನ್ನು ಪರದೆಯ ಮೇಲಷ್ಟೇ ಅಲ್ಲ, 'ವ್ಯೂ ಸೋರ್ಸ್'ನಲ್ಲೂ ನೋಡಿ. ಶೀರ್ಷಿಕೆಯ < ಸೋರ್ಸಿನಲ್ಲಿ ಎಸ್ಕೇಪ್ ಆಗಿಯೇ ಇರಬೇಕು, ವಿವರದ ಟ್ಯಾಗುಗಳು ಟ್ಯಾಗುಗಳಾಗಿರಬೇಕು, ಆನ್‌ಎರರ್ ಎಲ್ಲೂ ಇರಬಾರದು.